ಸಿಂಧನೂರು ಸುತ್ತಮುತ್ತ ಬಂಗಾಲಿ, ಆಂಧ್ರ ಊಟ ನಿಜವಾಗಿ ಎಲ್ಲಿ ಸಿಗುತ್ತದೆ?

ಮಲೆನಾಡಿನವನು:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಬ್ಯಾಂಕ್ ಕೆಲಸ, ವರ್ಗಾವಣೆಯಾಗಿ ಸಿಂಧನೂರಿಗೆ ಬಂದಿದ್ದೇನೆ. ಮನೆ ಮಾಡಿರುವುದು ಊರ ಹೊರಗೆ, ಗಂಗಾವತಿ ರಸ್ತೆ ಕಡೆಯ ಹೊಸ ಲೇಔಟ್‌ನಲ್ಲಿ. ಮನೆಯಲ್ಲಿ ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗಳು, ನಮ್ಮಮ್ಮ. ಅಮ್ಮ ಮೀನು, ಮಾಂಸ ಮುಟ್ಟುವುದಿಲ್ಲ. ಉಳಿದ ಮೂವರಿಗೆ ಎಲ್ಲವೂ ನಡೆಯುತ್ತದೆ.

ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ನಮಗೆ ಆಗಲೇ ಹಿಡಿಸಿಬಿಟ್ಟಿವೆ. ನನ್ನ ಪ್ರಶ್ನೆ ಬೇರೆ. ಬ್ಯಾಂಕಿನ ಕೌಂಟರ್ ಮುಂದೆ ನಿಲ್ಲುವವರಲ್ಲಿ ತೆಲುಗಿನವರು, ಬಂಗಾಲಿಗಳು, ಮಾರವಾಡಿಗಳು, ಬಿಹಾರದ ಹುಡುಗರು ಎಲ್ಲ ಇದ್ದಾರೆ. ಪಾಸ್‌ಬುಕ್ ತೆರೆದರೆ ಮಂಡಲ್, ಬಿಸ್ವಾಸ್ ಅಂತ ಹೆಸರು. ಅವರ ಊಟದ ಹೋಟೆಲ್ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಪೇಟೆಯಲ್ಲಿ ಒಂದು ಕಡೆ ‘ಬಂಗಾಲಿ ಮೀನು’ ಅಂತ ಬರೆದಿದ್ದರು, ಒಳಗೆ ಹೋದೆವು. ಬಂದದ್ದು ಕೆಂಪು ಮಸಾಲೆ ಮೆತ್ತಿದ ತವಾ ಫ್ರೈ. ಮಗಳಿಗೆ ತುಂಬ ಬೇಜಾರಾಯಿತು.

ಭಾನುವಾರ ಸ್ಕೂಟರ್ ಹತ್ತಿಕೊಂಡು ಹೋಗಿ ಬರುವಷ್ಟು ದೂರದಲ್ಲಿ ಇಂಥ ಊಟ, ಇಂಥ ಅಂಗಡಿ ಎಲ್ಲಿವೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಎಡದಂಡೆ ಗೊಬ್ಬರದಂಗಡಿ:

ಸರ್, ನಮ್ಮೂರಿಗೆ ಬಂದದ್ದು ಸಂತೋಷ. ನನ್ನದು ಬೀಜ, ಗೊಬ್ಬರದ ಅಂಗಡಿ, ಅಪ್ಪನ ಕಾಲದ್ದು. ಕೊಟ್ಟ ಉದ್ರಿ ವಸೂಲಿಗೆ ಸುಗ್ಗಿ ಮುಗಿದ ಮೇಲೆ ಕ್ಯಾಂಪ್ ಕ್ಯಾಂಪ್ ತಿರುಗುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಯಾರ ಮನೆಗೆ ಹೋದರೂ ಊಟ ಮಾಡದೆ ಬಿಡುವುದಿಲ್ಲ. ಹಾಗಾಗಿ ಈ ವಿಷಯ ನನಗೆ ಸ್ವಲ್ಪ ಜಾಸ್ತಿಯೇ ಗೊತ್ತು.

ಮೊದಲು ಬೋರ್ಡ್ ಹುಡುಕುವುದನ್ನು ಬಿಡಿ. ನಮ್ಮ ಕಡೆ ಹೊರಗಿನಿಂದ ಬಂದ ಬಹಳ ಜನ ಗದ್ದೆ ಮಾಡಲು ಬಂದವರು, ಹೋಟೆಲ್ ಇಡಲು ಬಂದವರಲ್ಲ. ಅವರ ಅಡುಗೆ ಇರುವುದು ಮನೆಯೊಳಗೆ. ಅದಕ್ಕೆ ಬೇಕಾದ ಸಾಮಾನು ಕ್ಯಾಂಪಿನ ಕಿರಾಣಿ ಅಂಗಡಿಯಲ್ಲಿ. ನಿಮಗೆ ದಾರಿ ತೋರಿಸುವುದು ಆ ಕಿರಾಣಿ ಅಂಗಡಿಯೇ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆಗೆ ನೀರು ಬಂತು. ಭತ್ತ ಬೆಳೆಯುವುದು ಗೊತ್ತಿದ್ದ ಆಂಧ್ರದ ರೈತರು ಬಂದು ಭೂಮಿ ಕೊಂಡರು, ಗದ್ದೆ ಪಕ್ಕವೇ ಮನೆ ಕಟ್ಟಿದರು. ಗಂಗಾವತಿ, ಕಾರಟಗಿ, ಸಿಂಧನೂರು ಉದ್ದಕ್ಕೂ ನೀವು ನೋಡುವ ‘ಕ್ಯಾಂಪ್’ಗಳು ಹುಟ್ಟಿದ್ದು ಹಾಗೆ. ಆಮೇಲೆ 1970ರ ಆಸುಪಾಸಿನಲ್ಲಿ, ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಲಿಗಳಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟು ಪುನರ್ವಸತಿ ಮಾಡಿಸಿತು. ಅವೇ ಆರ್.ಎಚ್. ಕ್ಯಾಂಪ್‌ಗಳು. ಬರ್ಮಾದಿಂದ ವಾಪಸ್ ಬಂದವರ ಮನೆಗಳೂ ಅಲ್ಲಿವೆ. ಊರಿಗೆ ಹೆಸರಿನ ಬದಲು ನಂಬರ್. ಟಂಟಂ ಆಟೋದವರಿಗೆ ನಂಬರ್ ಹೇಳಿದರೆ ಸಾಕು, ಇಳಿಸುತ್ತಾರೆ.

ಭಾನುವಾರ ಬೆಳಿಗ್ಗೆ ಬೇಗ ಹೋಗಿ. ಎಂಟು ಗಂಟೆಯ ಒಳಗೆ ಅಂದರೆ ಒಳ್ಳೆಯದು. ಮೀನು ಆಗಲೇ ಬಂದಿರುತ್ತದೆ. ರೋಹು, ಕಾಟ್ಲಾ, ಕೆಲವು ಸಲ ಹೊಂಡದಲ್ಲೇ ಸಾಕಿದ ಸಣ್ಣ ಮೀನು. ಬಂಗಾಲಿಗಳು ಎಲ್ಲಿ ಕೂತರೂ ಅಲ್ಲೊಂದು ಹೊಂಡ ತೋಡುತ್ತಾರೆ, ಅದು ಅವರಿಗೆ ಹಿತ್ತಲಿನ ಹಾಗೆ. ಮೀನು ಕೊಯ್ಯುವುದನ್ನು ನಿಮ್ಮ ಮಗಳಿಗೆ ತೋರಿಸಿ. ಚಾಕು ಇಲ್ಲ. ಈಳಿಗೆಯನ್ನು ಪಾದದಲ್ಲಿ ಒತ್ತಿ ಹಿಡಿದು, ಮೀನನ್ನು ಎರಡೂ ಕೈಯಲ್ಲಿ ಹಿಡಿದು ಅದರ ಮೇಲೆ ತಳ್ಳುತ್ತಾರೆ. ಬೂದಿ ಹಚ್ಚಿಕೊಂಡ ಬೆರಳು ಜಾರುವುದೇ ಇಲ್ಲ. ತಲೆಯನ್ನು ಬೇರೆ ಕಟ್ಟಿಕೊಡುತ್ತಾರೆ, ಬೇಡ ಅನ್ನಬೇಡಿ. ಹುರಿದ ಹೆಸರುಬೇಳೆಯ ಜೊತೆ ಅದನ್ನು ಬೇಯಿಸಿದರೆ ಬರುವ ರುಚಿ ಉಳಿದ ತುಂಡುಗಳಿಗೆ ಬರುವುದಿಲ್ಲ.

ಪಕ್ಕದ ಕಿರಾಣಿಯಲ್ಲಿ ಸಾಸಿವೆ ಎಣ್ಣೆ, ಪಾಂಚ್ ಫೊರನ್ (ಐದು ಕಾಳು ಬೆರೆಸಿದ ಒಗ್ಗರಣೆ ಮಸಾಲೆ), ಗಸಗಸೆ, ಸಣ್ಣಕ್ಕಿ ಕೇಳಿ. ಆ ಅಂಗಡಿಯ ಅಮ್ಮನನ್ನೇ ಹೇಗೆ ಮಾಡಬೇಕು ಅಂತ ವಿಚಾರಿಸಿ. ಕನ್ನಡದಲ್ಲೇ ಹೇಳುತ್ತಾರೆ, ಅದೂ ನಮ್ಮ ಸಿಂಧನೂರು ಕನ್ನಡದಲ್ಲಿ. ನನಗೆ ಹೇಳಿಕೊಟ್ಟದ್ದು ಹೀಗೆ: ಮೀನಿಗೆ ಅರಿಶಿನ, ಉಪ್ಪು ಮಾತ್ರ. ಸಾಸಿವೆ ಎಣ್ಣೆ ಹೊಗೆಯಾಡುವವರೆಗೆ ಕಾಯಬೇಕು, ಇಲ್ಲದಿದ್ದರೆ ಹಸಿ ಘಾಟು ಗಂಟಲಿಗೆ ಹತ್ತುತ್ತದೆ. ಸಾಸಿವೆ ನೆನೆಸಿ, ಹಸಿಮೆಣಸು, ಉಪ್ಪು ಹಾಕಿಯೇ ರುಬ್ಬಬೇಕು. ಉಪ್ಪಿಲ್ಲದೆ ರುಬ್ಬಿದರೆ ಕಹಿಯಾಗುತ್ತದೆ ಅನ್ನುತ್ತಾರೆ. ಹುಣಸೆಹಣ್ಣಿಲ್ಲ, ಖಾರದಪುಡಿ ಇಲ್ಲ. ಪೇಟೆ ಹೋಟೆಲ್ ಎಡವಿದ್ದು ಇಲ್ಲೇ.

ಸಂಜೆ ಹೋದರೆ ಮೀನಿಲ್ಲ, ತಿಂಡಿ ಇರುತ್ತದೆ. ಝಾಲ್‌ಮುಡಿ ತಿನ್ನಿ. ಮಂಡಕ್ಕಿಯೇ, ಆದರೆ ನಮ್ಮ ಒಗ್ಗರಣೆ ಥರ ನೆನೆಸುವುದಿಲ್ಲ. ಗರಿಗರಿ ಇರುವಾಗಲೇ ಹಸಿ ಸಾಸಿವೆ ಎಣ್ಣೆ ನಾಲ್ಕು ತೊಟ್ಟು ಬಿಟ್ಟು, ಈರುಳ್ಳಿ, ಮೆಣಸಿನಕಾಯಿ, ಕಡಲೆ ಹಾಕಿ ಡಬ್ಬಿಯಲ್ಲಿ ಕುಲುಕಿ ಕೊಡುತ್ತಾರೆ. ಒಂದು ಕೈಯಲ್ಲಿ ಅದು, ಇನ್ನೊಂದರಲ್ಲಿ ಮಿರ್ಚಿ ಬಜ್ಜಿ. ಎರಡೂ ಒಂದೇ ಬಂಡಿಯಲ್ಲಿ ಸಿಗುವುದು ನಮ್ಮ ತಾಲೂಕಿನಲ್ಲಿ ಬಿಟ್ಟು ಬೇರೆಲ್ಲಿ ಹೇಳಿ?

ಆಂಧ್ರದ ಊಟ ಕಷ್ಟವೇ ಇಲ್ಲ, ಕಾಲುವೆ ರಸ್ತೆಯುದ್ದಕ್ಕೂ ಮೆಸ್‌ಗಳಿವೆ. ರೈಸ್ ಮಿಲ್ ಹತ್ತಿರದ್ದನ್ನು ಆರಿಸಿಕೊಳ್ಳಿ. ಹಮಾಲರು, ಲಾರಿ ಡ್ರೈವರ್‌ಗಳು ಉಣ್ಣುವ ಕಡೆ ಅನ್ನ ಯಾವಾಗಲೂ ಬಿಸಿ. ಒಂದೇ ಮಾತು: ಎಲ್ಲವನ್ನೂ ಒಟ್ಟಿಗೆ ಕಲಸಬೇಡಿ. ಮೊದಲ ತುತ್ತಿಗೆ ಕಂದಿಪೊಡಿ (ತೊಗರಿಬೇಳೆ ಪುಡಿ), ತುಪ್ಪ. ಆಮೇಲೆ ಪಪ್ಪು ಅಂದರೆ ಬೇಳೆ, ಗೋಂಗೂರ ಅಂದರೆ ನಮ್ಮ ಪುಂಡಿಸೊಪ್ಪು. ಆಮೇಲೆ ಪುಲುಸು, ಅಂದರೆ ಹುಳಿ. ಕೊನೆಗೆ ಗಟ್ಟಿ ಮೊಸರು, ಆವಕಾಯ ಮಾವಿನ ಉಪ್ಪಿನಕಾಯಿ. ಹುರುಳಿಯ ಉಲವಚಾರು ಇದ್ದ ದಿನ ಇನ್ನೇನೂ ಬೇಡ.

ನನಗೆ ಒಂದೇ ಕಳವಳ. ಕ್ಯಾಂಪಿನ ಹುಡುಗರು ಓದಿ ಬೆಂಗಳೂರು ಸೇರುತ್ತಿದ್ದಾರೆ. ಅಂಗಡಿಯಲ್ಲಿ ಕೂರುವವರಿಗೆ ವಯಸ್ಸಾಗಿದೆ. ನಿಮ್ಮಂಥ ಹೊಸ ಗಿರಾಕಿಗಳು ತಿಂಗಳಿಗೊಮ್ಮೆ ಹೋದರೂ ಅವರು ಸಾಸಿವೆ ಎಣ್ಣೆ ತರಿಸುವುದನ್ನು ನಿಲ್ಲಿಸುವುದಿಲ್ಲ. ದಯವಿಟ್ಟು ಹೋಗಿ.

ಕ್ಯಾಂಪಿನ ಮಗಳು:

ಕಾಕಾ, ಬೂದಿ ಹಚ್ಚಿಕೊಳ್ಳುವುದನ್ನೂ ಬರೆದಿದ್ದೀರಲ್ಲ, ನಮ್ಮಜ್ಜಿ ಕಣ್ಣ ಮುಂದೆ ಬಂದರು.

ಸರ್, ನಾನು ಆರ್.ಎಚ್. ಕ್ಯಾಂಪಿನಲ್ಲೇ ಹುಟ್ಟಿ ಬೆಳೆದವಳು. ಕಲಿತದ್ದು ಕನ್ನಡ ಶಾಲೆಯಲ್ಲಿ, ಈಗ ಟೀಚರ್. ನಿಮ್ಮ ಅಮ್ಮನ ವಿಷಯ ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ಬಂಗಾಲಿ ಅಂದರೆ ಮೀನು ಅಷ್ಟೇ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮ ಅಜ್ಜಿಯಂದಿರಲ್ಲಿ ಗಂಡ ತೀರಿಕೊಂಡ ಮೇಲೆ ಮೀನು ಬಿಟ್ಟವರು, ಈರುಳ್ಳಿ, ಬೆಳ್ಳುಳ್ಳಿ ಕೂಡ ಬಿಟ್ಟವರು ಬಹಳ. ಅವರು ಬರೀ ತರಕಾರಿಯಲ್ಲಿ ಕಟ್ಟಿದ ಅಡುಗೆ ನಮ್ಮಲ್ಲಿ ಎಲ್ಲಕ್ಕಿಂತ ನಾಜೂಕಾದದ್ದು.

ನಿಮ್ಮ ಅಮ್ಮ ಮಲೆನಾಡಿನವರು ಅಲ್ವಾ? ಹಾಗಾದರೆ ಅವರೇ ಎಲ್ಲರಿಗಿಂತ ಬೇಗ ಒಗ್ಗುತ್ತಾರೆ. ಬಾಳೆಹೂವು, ಬಾಳೆದಿಂಡು, ಕೆಸುವಿನ ದಂಟು, ಬಸಳೆ. ಇಲ್ಲಿಯ ಸಂತೆಯಲ್ಲಿ ಇವನ್ನು ಕೇಳಿದರೆ ಮುಖ ನೋಡುತ್ತಾರೆ. ನಮ್ಮ ಹಿತ್ತಲಲ್ಲಿ ಇವೇ ಬೆಳೆಯುತ್ತವೆ. ಬಾಳೆಹೂವಿನ ಒಂದೊಂದೇ ಎಸಳು ಬಿಚ್ಚಿ, ಒಳಗಿನ ನಾರು ಕಿತ್ತು, ಅರಿಶಿನದ ನೀರಲ್ಲಿ ಹಾಕಿಡುವ ಕೆಲಸ ಅಮ್ಮನಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾವು ಅದಕ್ಕೆ ಆಲೂಗಡ್ಡೆ, ಕೊಬ್ಬರಿ, ಚಿಟಿಕೆ ಸಕ್ಕರೆ, ಕೊನೆಗೆ ತುಪ್ಪ, ಗರಂ ಮಸಾಲೆ ಹಾಕುತ್ತೇವೆ.

ಶುಕ್ತೋ ಮಾಡಿಸಿಕೊಂಡು ತಿನ್ನಿ. ಹಾಗಲಕಾಯಿ, ಬಾಳೆಕಾಯಿ, ನುಗ್ಗೆಕಾಯಿ, ಬದನೆ, ಗೆಣಸು, ಮೇಲೆ ಸ್ವಲ್ಪ ಹಾಲು. ಊಟದ ಮೊದಲಿಗೆ ಬಡಿಸುತ್ತೇವೆ. ಬೇಸಿಗೆಯಲ್ಲಿ ಅದಿಲ್ಲದೆ ನಮಗೆ ಊಟವೇ ಸೇರುವುದಿಲ್ಲ.

ಎರಡು ದಿನ ನೆನಪಿಡಿ. ದಸರಾ ಹೊತ್ತಿಗೆ ಕ್ಯಾಂಪಿನಲ್ಲಿ ದುರ್ಗಾ ಪೂಜೆ. ಪೂಜೆಯ ಖಿಚುಡಿ, ಲಾಬ್ಡಾ ಪಲ್ಯ, ಟೊಮ್ಯಾಟೊ ಚಟ್ನಿ, ಪಾಯೇಶ್. ಪ್ರಸಾದವಾದ್ದರಿಂದ ಮೀನಿನ ಚಿಂತೆಯಿಲ್ಲ, ಅಮ್ಮನನ್ನೂ ಕರೆತನ್ನಿ. ಇನ್ನೊಂದು ಸಂಕ್ರಾಂತಿ. ನೀವು ಎಳ್ಳುಬೆಲ್ಲ ಹಂಚುವ ದಿನ ನಾವು ಪೀಠೆ ಮಾಡುತ್ತೇವೆ. ಹೊಸ ಅಕ್ಕಿಹಿಟ್ಟು, ಕಾಯಿ, ಖರ್ಜೂರದ ಬೆಲ್ಲ. ಆ ಬೆಲ್ಲ ಚಳಿಗಾಲದಲ್ಲಿ ಬಂಗಾಳದಿಂದ ಯಾರಾದರೂ ಬರುವಾಗ ತರುತ್ತಾರೆ. ವಾಸನೆ ಡಬ್ಬಿ ಮುಚ್ಚಿದರೂ ಹೊರಗೆ ಬರುತ್ತದೆ. ಎಳ್ಳುಬೆಲ್ಲ ತಂದು ಯಾರ ಮನೆ ಬಾಗಿಲಿಗೆ ಬಂದರೂ ಪೀಠೆ ಕೊಡದೆ ಕಳಿಸುವುದಿಲ್ಲ.

ತೋರಣಗಲ್ಲು ಶಿಫ್ಟ್:

ನಾನು ಬಳ್ಳಾರಿ ಕಡೆಯವನು. ಕಾಕಾ ಹೇಳಿದ ‘ಬೋರ್ಡ್ ಹುಡುಕಬೇಡಿ’ ನಮ್ಮ ಕಡೆಗೆ ಹೊಂದುವುದಿಲ್ಲ. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಸುತ್ತ ಬಿಹಾರ, ಜಾರ್ಖಂಡ್, ಒಡಿಶಾ, ಬಂಗಾಳದ ಜನ ಕೂಲಿಗೆ ಬಂದವರು. ಬಾಡಿಗೆ ಕೋಣೆಯಲ್ಲಿ ಐದಾರು ಗಂಡಸರು ಇರುತ್ತಾರೆ, ಅಡುಗೆಗೆ ಪುರುಸೊತ್ತಿಲ್ಲ. ಹಾಗಾಗಿ ಇಲ್ಲಿ ಊಟ ರಸ್ತೆ ಮೇಲೇ ಇದೆ, ಹಿಂದಿಯಲ್ಲಿ, ಒಡಿಯಾದಲ್ಲಿ ಬೋರ್ಡ್ ಕೂಡ ಇದೆ.

ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಬನ್ನಿ. ಲಿಟ್ಟಿ ಕೆಂಡದ ಮೇಲೆ ಹೊರಳುತ್ತಿರುತ್ತದೆ. ಗೋಧಿಹಿಟ್ಟಿನ ಉಂಡೆ, ಒಳಗೆ ಸತ್ತು, ಅಂದರೆ ಹುರಿದ ಕಡಲೆಯ ಹಿಟ್ಟು, ಅದಕ್ಕೆ ಓಮ, ಬೆಳ್ಳುಳ್ಳಿ, ಉಪ್ಪಿನಕಾಯಿ ಮಸಾಲೆ. ಸುಟ್ಟ ಮೇಲೆ ಒಡೆದು ತುಪ್ಪದಲ್ಲಿ ಅದ್ದಿ ಕೊಡುತ್ತಾರೆ. ಜೊತೆಗೆ ಸುಟ್ಟ ಬದನೆಕಾಯಿಯ ಚೋಖಾ. ನಮ್ಮ ಬದನೆಕಾಯಿ ಬಜ್ಜಿ ತಿಂದವರಿಗೆ ಅದು ಹೊಸದಲ್ಲ, ಸಾಸಿವೆ ಎಣ್ಣೆ ಒಂದೇ ಹೊಸದು. ಬೇಸಿಗೆಯಲ್ಲಿ ಸತ್ತು ಶರಬತ್ತು ಕುಡಿಯಿರಿ. ನಮ್ಮ ಬಿಸಿಲಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ದೀಪಾವಳಿ ಆದ ಮೇಲೆ ಛಠ್ ಹಬ್ಬದಲ್ಲಿ ಠೇಕುವಾ ಮಾಡುತ್ತಾರೆ, ಗೋಧಿಹಿಟ್ಟು ಬೆಲ್ಲದ್ದು, ವಾರ ಇಟ್ಟರೂ ಕೆಡದು.

ಸಿಂಧನೂರಿನಿಂದ ಇದು ಸ್ಕೂಟರ್ ದೂರವಲ್ಲ, ಬಸ್ಸು ಹಿಡಿಯಬೇಕು. ಆದರೂ ಒಮ್ಮೆ ಬನ್ನಿ.

ಆನೆಗೊಂದಿ ಹಾದಿ:

ಸರ್, ಗಂಗಾವತಿ ದಾಟಿ ಬಂದರೆ ನಮ್ಮ ಆನೆಗೊಂದಿ, ಸಾಣಾಪುರ ಇದೆ. ಹಂಪಿ ಎದುರಿನ ವಿರೂಪಾಪುರ ಗಡ್ಡೆಯಲ್ಲಿ ಮೊದಲು ಇಸ್ರೇಲಿನ ಪ್ರವಾಸಿಗಳೇ ತುಂಬಿರುತ್ತಿದ್ದರು. ಅಲ್ಲಿಯ ಗೆಸ್ಟ್‌ಹೌಸ್‌ಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚಿನಲ್ಲಿ ಕೆಡವಿದರು. ಅಲ್ಲಿ ಅಡುಗೆ ಕಲಿತ ಕೆಲವು ನಮ್ಮ ಹುಡುಗರು ಈಗ ಈ ಕಡೆಯ ಹೋಂಸ್ಟೇಗಳಲ್ಲಿದ್ದಾರೆ. ಟೊಮ್ಯಾಟೊ ಗೊಜ್ಜಿನಲ್ಲಿ ಮೊಟ್ಟೆ ಒಡೆದು ಬೇಯಿಸುವ ಶಕ್ಷುಕಾ, ಕಾಬೂಲಿ ಕಡಲೆ ರುಬ್ಬಿದ ಹಮ್ಮಸ್, ಫಲಾಫೆಲ್ ಎಲ್ಲ ಪಳಗಿದ ಕೈಯಲ್ಲಿ ಮಾಡುತ್ತಾರೆ. ಅಮ್ಮನಿಗೆ ಫಲಾಫೆಲ್ ಕೊಡಿಸಿ, ಕಡಲೆ ವಡೆಯೇ ಅದು. ವಾಪಸ್ ಹೋಗುವಾಗ ಶ್ರೀರಾಮನಗರದಲ್ಲಿ ನಿಲ್ಲಿಸಿ, ಆಂಧ್ರದ ಉಪ್ಪಿನಕಾಯಿ, ಅರಿಸೆಲು (ನಮ್ಮ ಕಜ್ಜಾಯದ ಥರ) ಕೇಳಿ. ಪೂತರೇಕುಲು ಬಂದಿದ್ದರೆ ಬಿಡಬೇಡಿ. ಕಾಗದದಷ್ಟು ತೆಳು, ಬಾಯಲ್ಲಿಟ್ಟರೆ ತುಪ್ಪ, ಬೆಲ್ಲ ಅಷ್ಟೇ ಉಳಿಯುತ್ತದೆ.

ಮಲೆನಾಡಿನವನು:

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ತುಂಬ ಥ್ಯಾಂಕ್ಸ್. ಬಾಳೆಹೂವಿನ ಮಾತು ಓದಿ ಹೇಳಿದಾಗಿನಿಂದ ಅಮ್ಮ ಭಾನುವಾರ ಯಾವಾಗ ಬರುತ್ತದೆ ಅಂತ ಕಾಯುತ್ತಿದ್ದಾರೆ. ಮೇಡಂ, ಕಾಕಾ, ಒಂದು ಸಣ್ಣ ಸಂದೇಹ. ಹಿಲ್ಸಾ ಮೀನು ಇಲ್ಲಿ ಸಿಗುತ್ತದಾ? ಮತ್ತೆ ಯಾರದೋ ಮನೆಯಲ್ಲಿ ಊಟಕ್ಕೆ ಕೂತರೆ ದುಡ್ಡು ಕೊಡುವುದು ಹೇಗೆ?

ಕ್ಯಾಂಪಿನ ಮಗಳು:

ನೀವು ಹೇಳಿದ ಹಿಲ್ಸಾ, ನಮ್ಮ ಇಲಿಶ್, ಇಲ್ಲಿಯ ನೀರಿನದ್ದಲ್ಲ ಸರ್, ಹೊರಗಿನಿಂದ ಐಸ್‌ನಲ್ಲಿ ಬರಬೇಕು. ಮಳೆಗಾಲದಲ್ಲಿ ಮೊದಲೇ ಹೇಳಿಟ್ಟರೆ ಅಂಗಡಿಯವರು ತರಿಸುತ್ತಾರೆ, ಬೆಲೆ ಜಾಸ್ತಿ. ಮುಳ್ಳೂ ಜಾಸ್ತಿ, ಮಗಳಿಗೆ ನೋಡಿಕೊಂಡು ತಿನ್ನಿಸಿ. ಮೊದಲ ಸಲಕ್ಕೆ ರೋಹುವೇ ಸಾಕು.

ಮನೆಗೆ ಕರೆದವರ ಹತ್ತಿರ ದುಡ್ಡಿನ ಮಾತೆತ್ತಬೇಡಿ, ನೊಂದುಕೊಳ್ಳುತ್ತಾರೆ. ಹಣ್ಣೋ ಮಕ್ಕಳಿಗೆ ತಿಂಡಿಯೋ ಒಯ್ಯಿರಿ. ಮಾಡಿ ಮಾರುವವರು ಬೇರೆ ಇದ್ದಾರೆ. ಅವರಿಗೆ ಹಿಂದಿನ ದಿನವೇ ಎಷ್ಟು ಜನ ಅಂತ ಹೇಳಿ, ರೇಟು ಅವರೇ ಹೇಳುತ್ತಾರೆ.

ಎಡದಂಡೆ ಗೊಬ್ಬರದಂಗಡಿ:

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮೀನು ತರಲು ಸ್ಟೀಲ್ ಡಬ್ಬಿ, ಒಂದಿಷ್ಟು ಐಸ್ ಒಯ್ಯಿರಿ. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ತಂದರೆ ಲೇಔಟ್ ಮುಟ್ಟುವಷ್ಟರಲ್ಲಿ ಕೆಡುತ್ತದೆ. ಸಾಸಿವೆ ಎಣ್ಣೆ ಮೊದಲ ಸಲ ಅರ್ಧ ಲೀಟರ್ ಸಾಕು.