ಅಪ್‌ಡೇಟ್: ಎಚ್‌ನಿಂದ ಭಾಗಿಸಿ ಆಮೇಲೆ ಎಚ್ ಸೊನ್ನೆ ಮಾಡುದು ಹೇಗೆ ಅಂತ ಕೇಳಿದ್ದೆನಲ್ಲ

ಹೋದ ವಾರ ಕೇಳಿದ್ದು ನಾನೇ, ಬದಿಯಡ್ಕ ಕಡೆಯವ, ಹತ್ತರವರೆಗೆ ಕನ್ನಡ ಮೀಡಿಯಂ, ಈಗ ಪ್ಲಸ್ ವನ್ (ಹನ್ನೊಂದನೇ ಕ್ಲಾಸ್) ಇಂಗ್ಲಿಷಲ್ಲಿ. ಎಕ್ಸ್ ಸ್ಕ್ವೇರಿನ ಡೆರಿವೇಟಿವ್ (ಎಕ್ಸ್ ಬದಲಾದಾಗ ಅದು ಎಷ್ಟು ವೇಗದಲ್ಲಿ ಬದಲಾಗ್ತದೆ ಅನ್ನುವ ಲೆಕ್ಕ) ತೆಗೀವಾಗ ಎಕ್ಸಿಗೆ ಎಚ್ ಅಂತ ಒಂದು ಚೂರು ಸೇರಿಸಿ, ಎಷ್ಟು ಜಾಸ್ತಿ ಆಯ್ತೋ ಅದನ್ನು ಮೊದಲು ಎಚ್‌ನಿಂದ ಭಾಗಿಸ್ತಾರೆ ಆಮೇಲೆ ಎಚ್ ಸೊನ್ನೆ ಅಂತಾರೆ, ಸೊನ್ನೆಯಿಂದ ಭಾಗಿಸ್ಲಿಕ್ಕಿಲ್ಲ ಅಂತ ಹೇಳಿಕೊಟ್ಟದ್ದೂ ಈ ಮಾಷ್ಟ್ರುಗಳೇ ಅಲ್ವಾ, ಇದೆಂತ ಮೋಸ ಅಂತ ನನ್ನ ಪ್ರಶ್ನೆ.

ಅಂಗಳದ ಲೆಕ್ಕ ಮಾಡಿ ನೋಡು ಅಂದವರಿಗೆ ಥ್ಯಾಂಕ್ಸ್ ಮಾರಾಯ್ರೆ. ಅಡಿಕೆ ಒಣಗಿಸುವ ಚೌಕ ಅಂಗಳ, ಬದಿ (ಅದೇ ಎಕ್ಸ್) 10 ಮೀಟರ್ ಅಂತ ಇಟ್ಟುಕೊಂಡೆ. ಉದ್ದಕ್ಕೂ ಅಗಲಕ್ಕೂ 10 ಸೆಂಟಿಮೀಟರ್ (ಇದು ಎಚ್, ಅಂದ್ರೆ 0.1 ಮೀಟರ್) ಸೇರಿಸಿದ್ರೆ ಜಾಗ ಜಾಸ್ತಿ ಆಗುದು 2.01 ಚದರ ಮೀಟರ್, ಅದನ್ನು 0.1ರಿಂದ ಭಾಗಿಸಿದ್ರೆ 20.1. ಬರೀ 1 ಸೆಂಟಿಮೀಟರ್ ಸೇರಿಸಿದ್ರೆ 20.01. ಎಚ್ ಸೊನ್ನೆ ಆಗುದೇ ಇಲ್ಲ, ಹತ್ತಿರ ಹತ್ತಿರ ಹೋಗ್ತದೆ ಅಷ್ಟೆ, ಹಾಗಾಗಿ ಭಾಗಿಸ್ಲಿಕ್ಕೆ ಅಡ್ಡಿ ಇಲ್ಲ, ಉತ್ತರ ಎಲ್ಲಿಗೆ ಹತ್ತಿರ ಆಗ್ತದೋ ಆ 20 ಲಿಮಿಟ್, ಅಂದ್ರೆ ಟೂ ಎಕ್ಸ್. ಅಂಗಳದ ಎರಡು ಬದಿಗೆ ಹೊಸದಾಗಿ ಸೇರುವ ಎರಡು ಉದ್ದುದ್ದ ಪಟ್ಟಿಯಿಂದ ಬಂದದ್ದು ಅದು, ಅವೆರಡರ ನಡುವೆ ಮೂಲೆಯಲ್ಲಿ ಬರುವ ಪುಟ್ಟ ಚೌಕ ಲೆಕ್ಕಕ್ಕೇ ಉಳಿಯುದಿಲ್ಲ.

ನನ್ನ ಅಸಲಿ ಎಡವಟ್ಟು ಬೇರೆಯೇ ಇತ್ತು (ಹೇಳ್ಲಿಕ್ಕೆ ನಾಚಿಕೆ). ಎಕ್ಸ್ ಪ್ಲಸ್ ಎಚ್ ಹೋಲ್ ಸ್ಕ್ವೇರ್ ಅಂದ್ರೆ ಎಕ್ಸ್ ಸ್ಕ್ವೇರ್ ಪ್ಲಸ್ ಎಚ್ ಸ್ಕ್ವೇರ್ ಅಂತ ಬರೀತಿದ್ದೆ, ಆ ಎರಡು ಪಟ್ಟಿಯೇ ಮಾಯ, ಮತ್ತೆ ಉತ್ತರ ಸೊನ್ನೆ ಬಾರದೆ ಎಂತ ಬರ್ತದೆ!

ಎಕ್ಸ್ ಕ್ಯೂಬಿಗೆ ಪಟ್ಟಿಯ ಬದಲು ಪೆಟ್ಟಿಗೆಯ ಮೂರು ಮುಖಕ್ಕೆ ಸೇರುವ ಮೂರು ಹಲಗೆ ಅಂತ ಅಕ್ಕ ಹೇಳಿದ್ಲು, ಅದೂ ಸರಿಯಾಯ್ತು. ಸೈನ್ ಎಕ್ಸಿಗೆ ಯಾವ ಅಂಗಳ ಅಂತ ಯಾರಾದ್ರೂ ಹೇಳಿ.