ಅಪ್‌ಡೇಟ್: ಫೀಸ್ ರಿಯಾಯಿತಿ ನಂಬಿ ಕಾಲೇಜು ಆರಿಸಬೇಕಾ ಅಂತ ಕೇಳಿದ್ದೆ

ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ನಾವು ಗದಗಿನವರು. ಹುಬ್ಬಳ್ಳಿಯ ಒಂದು ಖಾಸಗಿ ಕಾಲೇಜು ಮಗಳಿಗೆ ಅರ್ಧ ಫೀಸ್ ಬಿಡುತ್ತೇವೆ ಅಂದಿತ್ತು. ಇನ್ನೊಂದು ಆಯ್ಕೆ ಹಾವೇರಿ ದೇವಗಿರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು.

ಕೊನೆಗೆ ಹಾವೇರಿಗೇ ಸೇರಿಸಿದೆವು. "ರಿಯಾಯಿತಿಯ ಷರತ್ತನ್ನು ಬರಹದಲ್ಲಿ ಕೇಳಿ" ಅಂದವರ ಸಲಹೆಯೇ ಕೆಲಸಕ್ಕೆ ಬಂತು. ಹುಬ್ಬಳ್ಳಿ ಕಾಲೇಜು ಕೊಟ್ಟ ಪತ್ರದ ಕೊನೆಯ ಸಾಲಿನಲ್ಲಿ ಇತ್ತು: ಯಾವುದೇ ಸೆಮಿಸ್ಟರ್‌ನಲ್ಲಿ ಒಂದು ವಿಷಯ ಬಾಕಿ ಉಳಿದರೂ ಮುಂದಿನ ವರ್ಷ ರಿಯಾಯಿತಿ ಇಲ್ಲ. ಆ ರಿಯಾಯಿತಿಯೂ ಟ್ಯೂಷನ್ ಫೀಸ್‌ಗೆ ಮಾತ್ರ, ಹಾಸ್ಟೆಲ್‌ಗಲ್ಲ. ರಿಯಾಯಿತಿ ಇಲ್ಲದೆ ನಾಲ್ಕು ವರ್ಷದ ಲೆಕ್ಕ ಹಾಕಿದಾಗ ಸಾಲ ಮಾಡದೆ ಆಗುತ್ತಿರಲಿಲ್ಲ. "ನಾಲ್ಕೂ ವರ್ಷಕ್ಕೆ ಖಾತ್ರಿ ಕೊಡಿ" ಅಂತ ಕೇಳಿ ನೋಡಿದೆವು, ಒಪ್ಪಲಿಲ್ಲ.

ಎಸ್‌ಎನ್‌ಕ್ಯೂ (ಕಡಿಮೆ ವರಮಾನದ ಕುಟುಂಬದ ಮಕ್ಕಳಿಗೆ ಹೆಚ್ಚುವರಿಯಾಗಿ ಕೊಡುವ) ಸೀಟಿಗೂ ಪ್ರಯತ್ನಿಸಿದೆವು, ಸಿಗಲಿಲ್ಲ. ಆದರೆ ಕುಟುಂಬದ ವಾರ್ಷಿಕ ವರಮಾನ 8 ಲಕ್ಷದೊಳಗಿದ್ದರೆ ಖಂಡಿತ ನೋಡಿ. ಕೋರ್ಸ್ ಮುಗಿಯುವವರೆಗೂ ಟ್ಯೂಷನ್ ಫೀಸ್ ಮಾಫಿ, ಮಧ್ಯದಲ್ಲಿ ಕಾಲೇಜು ಬದಲಿಸುವಂತಿಲ್ಲ ಅಷ್ಟೇ.

ನನಗೆ ಗೊತ್ತೇ ಇರದ ಸಂಗತಿ ಒಂದಿದೆ. ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ಮೂಲಕ ಸಿಗುವ ವಿದ್ಯಾರ್ಥಿವೇತನದ ಹಣ ಮಗಳ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೇ ಬರುತ್ತದೆ. ಸುಮ್ನೆ ಪಾಸ್‌ಬುಕ್ ಇದ್ದರೆ ಸಾಲದು. ಬ್ಯಾಂಕಿಗೆ ಹೋಗಿ ಜೋಡಣೆ ಆಗಿದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಅರ್ಜಿಯನ್ನೂ ಪ್ರತಿ ವರ್ಷ ಹಾಕಬೇಕು. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಕೈಯಲ್ಲಿರಲಿ. ರೈತರ ಮಕ್ಕಳಾದರೆ ರೈತ ವಿದ್ಯಾನಿಧಿ ಎಂಬ ವಿದ್ಯಾರ್ಥಿವೇತನ ಈಗಲೂ ಸಿಗುತ್ತದೆಯಾ ಅಂತಲೂ ವಿಚಾರಿಸಿ.