ಅಪ್ಪನ ರಿಪೋರ್ಟಲ್ಲಿ ‘ಇಜಿಎಫ್‌ಆರ್ ಆಂಪ್ಲಿಫೈಡ್’ ಅಂತಿದೆ, ಶ್ವಾಸಕೋಶಕ್ಕೆ ಕೊಡುವ ಮಾತ್ರೆ ಆಗುತ್ತಾ?

ಹಾಸನದ ಮಗಳು:
ಅಪ್ಪನಿಗೆ ಗ್ಲಯೋಬ್ಲಾಸ್ಟೋಮಾ, ಅಂದರೆ ಮಿದುಳಿನ ಕ್ಯಾನ್ಸರ್ ಗಡ್ಡೆ. ಆಪರೇಷನ್ ಆಗಿದೆ. ‘ಕಾಣುವಷ್ಟು ಗಡ್ಡೆ ತೆಗೆದಿದ್ದೇವೆ, ಬೇರು ಉಳಿದಿರುತ್ತೆ’ ಅಂದರು ಡಾಕ್ಟರು. ಸೋದರಮಾವನಿಗೆ ಶ್ವಾಸಕೋಶದ ಕ್ಯಾನ್ಸರ್ ಆದಾಗ ಇದೇ ಇಜಿಎಫ್‌ಆರ್‌ಗೆ ದಿನಕ್ಕೊಂದು ಮಾತ್ರೆ ಕೊಟ್ಟಿದ್ದರು, ಚೆನ್ನಾಗಿ ಓಡಾಡಿಕೊಂಡಿದ್ದರು. ಅಪ್ಪನಿಗೆ ಯಾಕೆ ಕೊಡುತ್ತಿಲ್ಲ?

ಸ್ಲೈಡ್ ನೋಡುವವ:
ಮೇಡಂ, ಇಜಿಎಫ್‌ಆರ್ ಒಂದು ಜೀನು. ಜೀನಿಗೆ ಹೊಳೆಯುವ ಬಣ್ಣ ಹಚ್ಚಿ ಎಣಿಸುವ ಫಿಶ್ ಟೆಸ್ಟನ್ನೇ ನಾನು ಪೆಥಾಲಜಿ ಲ್ಯಾಬಿನಲ್ಲಿ ಮಾಡುತ್ತೇನೆ. ಆರೋಗ್ಯವಾದ ಜೀವಕೋಶದಲ್ಲಿ ಈ ಜೀನಿನ ಎರಡು ಕೆಂಪು ಚುಕ್ಕಿ ಕಾಣುತ್ತವೆ, ಅಪ್ಪನದೊಂದು, ಅಮ್ಮನದೊಂದು. ಆಂಪ್ಲಿಫೈ ಆದ, ಅಂದರೆ ಜೀನಿನ ಪ್ರತಿಗಳು ತುಂಬ ಹೆಚ್ಚಾದ ಕೋಶದಲ್ಲಿ ಎಣಿಸೋಕೆ ಆಗಲ್ಲ, ತುಂಬ ಕೆಂಪೇ. ಜೀನ್ ಅಷ್ಟಿದ್ದರೆ ಪ್ರೋಟೀನೂ ಜಾಸ್ತಿ.

ಈ ಪ್ರೋಟೀನ್ ಕೋಶದ ಮೈಮೇಲೆ ಕೂತು, ಹೊರಗಿಂದ ‘ಬೆಳೆ’ ಅನ್ನುವ ಸಂದೇಶ ಬಂದಾಗ ಒಳಗೆ ದಾಟಿಸುತ್ತೆ. ಆಂಪ್ಲಿಫೈ ಆದ ಎಷ್ಟೋ ಗಡ್ಡೆಗಳಲ್ಲಿ ಅದರ ಹೊರಭಾಗದ 267 ಅಮೈನೋ ಆಮ್ಲಗಳೇ ಇರುವುದಿಲ್ಲ. ಅದಕ್ಕೆ ಇಜಿಎಫ್‌ಆರ್‌ವಿ3 ಅಂತಾರೆ. ಆಮೇಲೆ ಸಂದೇಶವೇ ಬೇಡ. ಕಾಲಿಂಗ್ ಬೆಲ್ ಸ್ವಿಚ್ ಸಿಕ್ಕಿಕೊಂಡ ಹಾಗೆ ಒಂದೇ ಸಮ ಬಡಿಯುತ್ತಿರುತ್ತೆ.

ಶ್ವಾಸಕೋಶದ ಕ್ಯಾನ್ಸರಿನಲ್ಲಿ ಕೆಡುವುದು ಪ್ರೋಟೀನಿನ ಒಳಭಾಗ. ಮಾತ್ರೆ ಅಲ್ಲಿಗೆ ಸರಿಯಾಗಿ ಕಚ್ಚಿಕೊಳ್ಳುತ್ತೆ. ಮಿದುಳಿನದರಲ್ಲಿ ಕೆಡುವುದು ಹೊರಭಾಗ. ಮೇಲಾಗಿ ರಕ್ತದಿಂದ ಮಿದುಳಿಗೆ ಔಷಧಿ ದಾಟುವುದೇ ಕಷ್ಟ. ಶ್ವಾಸಕೋಶಕ್ಕೆ ಕೊಡುವ ಎರ್ಲೊಟಿನಿಬ್, ಜೆಫಿಟಿನಿಬ್ ಮಾತ್ರೆ ಎರಡನ್ನೂ ಇದಕ್ಕೆ ಕೊಟ್ಟು ನೋಡಿದ್ದಾರೆ, ಆಯಸ್ಸು ಹೆಚ್ಚಲಿಲ್ಲ. ವಿ3ಗೆಂದೇ ಮಾಡಿದ ರಿಂಡೋಪೆಪಿಮಟ್ ಲಸಿಕೆಯ ದೊಡ್ಡ ಪ್ರಯೋಗವೂ 2016ರಲ್ಲಿ ನಿಂತುಹೋಯಿತು. ಒಂದೇ ಗಡ್ಡೆಯಲ್ಲಿ ಒಂದು ಕೋಶದಲ್ಲಿ ವಿ3 ಇರುತ್ತೆ, ಪಕ್ಕದ್ದರಲ್ಲಿ ಇರಲ್ಲ. ನನಗೆ ಈ ಕೆಲಸದಲ್ಲಿ ತುಂಬಾ ಸಂಕಟ ಕೊಡುವ ವಿಷಯ ಇದೇ.

ಹಾಸನದ ಮಗಳು:
ಅರ್ಥ ಆಯ್ತು ಸರ್. ಹಾಗಾದ್ರೆ ಬೇರು ಅಂದಿದ್ದು?

ಸ್ಲೈಡ್ ನೋಡುವವ:
ಗಡ್ಡೆಯ ಅಂಚಿಂದ ಒಂಟೊಂಟಿ ಕೋಶಗಳು ನರತಂತುಗಳ ಗುಂಟ, ರಕ್ತನಾಳದ ಗೋಡೆ ಹಿಡಿದು ತೆವಳಿ ಹೋಗಿರುತ್ತವೆ. ಇಜಿಎಫ್‌ಆರ್ ಬರೀ ಬೆಳೆಸುವುದಿಲ್ಲ, ಕೋಶಗಳ ಸುತ್ತಲಿನ ಜಾಲರಿ ಕರಗಿಸುವ ಕಿಣ್ವಗಳನ್ನೂ ಹೆಚ್ಚಿಸುತ್ತೆ, ದಾರಿ ಸಲೀಸಾಗುತ್ತೆ. ಎಂಆರ್‌ಐನಲ್ಲಿ ಅವು ಕಾಣಲ್ಲ. ಮಿದುಳು ಬಿಟ್ಟು ಬೇರೆ ಅಂಗಕ್ಕೆ ಹೋಗುವುದು ಮಾತ್ರ ತೀರಾ ಅಪರೂಪ.

ಶಿವಮೊಗ್ಗ ಅಣ್ಣ:
ತಂಗಿ, ನಮ್ಮ ಮನೆಯಲ್ಲೂ ಇದೇ ಕಾಯಿಲೆ ನೋಡಿದ್ದೇವೆ. ರಿಪೋರ್ಟಲ್ಲಿ ಎಂಜಿಎಂಟಿ ಏನಿದೆ ನೋಡಮ್ಮ. ‘ಮಿಥೈಲೇಟೆಡ್’ ಅಂತಿದ್ದರೆ ರೇಡಿಯೇಷನ್ ಜೊತೆ ಕೊಡುವ ಟೆಮೊಜೊಲೊಮೈಡ್ ಅನ್ನುವ ಕೀಮೋ ಔಷಧಿ ಹೆಚ್ಚು ನಾಟುತ್ತೆ.

ಸ್ಲೈಡ್ ನೋಡುವವ:
ಹೌದು, ಎಂಜಿಎಂಟಿ ಅಂದರೆ ಔಷಧಿ ಮಾಡಿದ ಡಿಎನ್‌ಎ ಗಾಯವನ್ನು ರಿಪೇರಿ ಮಾಡುವ ಪ್ರೋಟೀನ್. ಅದರ ಜೀನಿಗೆ ಮಿಥೈಲ್ ಅನ್ನುವ ರಾಸಾಯನಿಕ ಗುರುತು ಅಂಟಿದರೆ ಅದು ತಯಾರಾಗುವುದೇ ಕಡಿಮೆ. ಆ ಟೆಸ್ಟ್ ಮಾಡಿಲ್ಲದಿದ್ದರೆ ಈ ವಾರವೇ ಕೇಳಿ. ಆಪರೇಷನ್‌ನಲ್ಲಿ ತೆಗೆದ ತುಂಡನ್ನು ಮೇಣದಲ್ಲಿಟ್ಟ ಬ್ಲಾಕ್ ಲ್ಯಾಬಿನಲ್ಲಿ ಇರುತ್ತೆ, ಮತ್ತೆ ಬಯಾಪ್ಸಿ ಬೇಕಾಗಲ್ಲ.